ಸಂಬಳವನ್ನು ಗಂಟೆಯಲ್ಲಿ ಎಣಿಸಿ

ಸಂಬಳ ಹೆಚ್ಚಾಯಿತೆಂದು ಪೇಡ ಕೊಟ್ಟಿರಿ, ಸಂತೋಷ. ಆದರೆ ಆ ವಾರವೇ ಹೊಸ ಫೋನಿನ ಕಂತೂ ಶುರುವಾಯಿತಂತೆ! ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನೀವು ಹಾಸಿಗೆ ಬಿಚ್ಚುವ ಮೊದಲೇ ಕಾಲು ಚಾಚಿದ್ದೀರಿ.

ಒಂದು ಚೀಟಿ ತೆಗೆದುಕೊಳ್ಳಿ. ತಿಂಗಳಿಗೆ 50,000 ಕೈಗೆ ಬರುತ್ತದೆ ಅನ್ನೋಣ. 25 ದಿನ, ದಿನಕ್ಕೆ 8 ಗಂಟೆ ಎಂದರೆ ಗಂಟೆಗೆ 250 ರೂಪಾಯಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾಯುವುದು, ಊಟವಾದ ಮೇಲೆ ಮತ್ತೆ ಲ್ಯಾಪ್‌ಟಾಪ್ ತೆರೆಯುವುದು, ಎಲ್ಲ ಸೇರಿ ದಿನಕ್ಕೆ 12 ಗಂಟೆಯಾದರೆ? ಅದೇ ಸಂಬಳ ಗಂಟೆಗೆ 167ಕ್ಕೆ ಇಳಿಯಿತು. ಆಗ 60,000 ರೂಪಾಯಿಯ ಫೋನಿನ ಬೆಲೆ ನಿಮ್ಮ ಆಯುಸ್ಸಿನ 360 ಗಂಟೆ. ಬೇಕೇ ಬೇಕೆಂದರೆ ಕೊಳ್ಳಿ, ನಾನು ಅಡ್ಡ ಬರುವುದಿಲ್ಲ. ಲೆಕ್ಕ ಹಾಕದೆ ಮಾತ್ರ ಕೊಳ್ಳಬೇಡಿ.

ಕ್ರೆಡಿಟ್ ಕಾರ್ಡಿನಲ್ಲಿ ‘ಕನಿಷ್ಠ ಮೊತ್ತ’ ಕಟ್ಟಿ ನಿಶ್ಚಿಂತೆಯಾಗಿ ಮಲಗುವ ಚಾಳಿಯನ್ನು ಮೊದಲು ಬಿಡಿ. ಉಳಿದ ಬಾಕಿಗೆ ಎಷ್ಟೋ ಕಾರ್ಡುಗಳಲ್ಲಿ ವರ್ಷಕ್ಕೆ ಶೇ 40ರ ಆಸುಪಾಸು ಬಡ್ಡಿ ಬೀಳುತ್ತದೆ. ಸಾಲವೇ ಶೂಲ ಅಂದವರು ಕಾರ್ಡು ಕಂಡವರಲ್ಲ, ಆದರೂ ಸರಿಯಾಗಿಯೇ ಅಂದಿದ್ದಾರೆ.

ದುಡ್ಡಿನಿಂದ ಸುಖವಿಲ್ಲ ಅನ್ನುವ ಬೂಟಾಟಿಕೆ ನನಗಿಲ್ಲ. ಮನೆ ಬಾಡಿಗೆಗೆ, ಔಷಧಿಗೆ ಪರದಾಡಿದವರಿಗೆ ಅದರ ಬೆಲೆ ಗೊತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ಬರೆದದ್ದೂ ಹೀಗೇ: ಒಂದೇ ದೇಶದೊಳಗೆ ಉಳ್ಳವರು ಇಲ್ಲದವರಿಗಿಂತ ಸುಖಿಗಳು, ಆದರೆ ಅಮೆರಿಕದಲ್ಲಿ ಎಲ್ಲರ ಆದಾಯ ಏರಿದಾಗ ಸುಖ ಅದರ ಜೊತೆ ಏರಲಿಲ್ಲ. ನಾವು ಸುಖವನ್ನು ಅಳೆಯುವುದು ಪಕ್ಕದ ಮನೆಯ ಕಾರನ್ನು ನೋಡಿಕೊಂಡು ತಾನೇ?

ಎಷ್ಟಿದ್ದರೆ ಸಾಕು ಎಂಬುದು ನಮ್ಮ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನಿಗೆ ಹನ್ನೆರಡನೆಯ ಶತಮಾನದಲ್ಲೇ ಗೊತ್ತಿತ್ತು. ಕಲ್ಯಾಣದಲ್ಲಿ ಅಕ್ಕಿ ಆಯುವುದು ಗಂಡ ಮಾರಯ್ಯನ ಕಾಯಕ. ಅವನು ಅನುಭಾವದ ಮಾತಿನಲ್ಲಿ ಮೈಮರೆತು ಕೂತಾಗ ಕಾಯಕ ನಿಂತಿದೆ, ಎದ್ದು ಹೋಗು ಎಂದವಳೂ ಅವಳೇ. ಒಂದು ದಿನ ಹೆಚ್ಚು ಅಕ್ಕಿ ತಂದಾಗ ತಿರುಗಿ ಸುರಿದು ಬಾ ಎಂದವಳೂ ಅವಳೇ. ಬೈದದ್ದು ಎರಡಕ್ಕೂ, ನೋಡಿ. ಸೋಮಾರಿತನಕ್ಕೆ ನಾನು ಸಮ್ಮತಿ ಕೊಡುತ್ತಿದ್ದೇನೆ ಅಂದುಕೊಳ್ಳಬೇಡಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಕೆಲಸ ಶ್ರದ್ಧೆಯಿಂದ ಮಾಡಿ, ಮುಗಿದ ಮೇಲೆ ಏಳಿ. ಬಾಸ್ ಇನ್ನೂ ಕೂತಿದ್ದಾರೆಂದು ನೀವೂ ಸುಮ್ಮನೆ ಕೂರಬೇಡಿ.

ಇವತ್ತು ಎಷ್ಟು ಗಂಟೆಗೆ ಮನೆಗೆ ಬಂದಿರಿ? ಅದನ್ನೂ ಆ ಚೀಟಿಯಲ್ಲೇ ಬರೆದಿಡಿ. ಮುಂದಿನ ಸಲ ಬಂದಾಗ ಕೇಳುತ್ತೇನೆ.