ಲ್ಯಾಪ್‌ಟಾಪಿನ ವೈಫೈ ಆಗಾಗ ಕಡಿದುಹೋದರೆ

ಪಹಣಿ ತೆಗೆಯುವುದು, ಬೆಳೆ ವಿಮೆಯ ಅರ್ಜಿ ತುಂಬುವುದು, ಪೇಟೆ ಧಾರಣೆ ನೋಡುವುದು, ಮಕ್ಕಳ ಪರೀಕ್ಷೆಗೆ ಹೆಸರು ನೋಂದಾಯಿಸುವುದು ಮುಂತಾದ ಕೆಲಸಗಳನ್ನು ಈಗ ಅನೇಕ ರೈತ ಕುಟುಂಬಗಳು ಮನೆಯ ಲ್ಯಾಪ್‌ಟಾಪಿನಲ್ಲಿಯೇ ಮಾಡಿಕೊಳ್ಳುತ್ತಿವೆ. 2020ರ ಕೋವಿಡ್ ಕಾಲದಲ್ಲಿ ಮಕ್ಕಳ ಪಾಠಕ್ಕೆಂದು ಕೊಂಡ ಯಂತ್ರ ಹಲವು ಮನೆಗಳಲ್ಲಿ ಇಂದು ಒಕ್ಕಲುತನದ ಸಲಕರಣೆಗಳಲ್ಲಿ ಒಂದಾಗಿದೆ. ಆದರೆ ಅರ್ಜಿಯ ಮುಕ್ಕಾಲು ಪಾಲು ತುಂಬಿದಾಗ ವೈಫೈ ಕಡಿದು, ಮೊಬೈಲಿಗೆ ಬಂದ ಓಟಿಪಿಯ ಅವಧಿ ಮುಗಿದು, ಎಲ್ಲವನ್ನೂ ಮೊದಲಿನಿಂದ ಪ್ರಾರಂಭಿಸಬೇಕಾಗಿ ಬರುವುದು ಸಾಮಾನ್ಯ ದೂರು. ಕೊನೆಯ ದಿನಾಂಕದ ಸಂಜೆ ಹೀಗಾದರೆ ಒಂದು ಹಂಗಾಮಿನ ವಿಮೆಯೇ ಕೈತಪ್ಪಬಹುದು.

ಪೂರ್ತಿ ನಿಂತುಹೋದ ಸಂಪರ್ಕದ ದೋಷ ಹುಡುಕುವುದು ಸುಲಭ. ಆಗಾಗ ಕಡಿದು ಮತ್ತೆ ಕೂಡುವ ಸಂಪರ್ಕದ್ದೇ ಕಷ್ಟ. ರಿಪೇರಿ ಅಂಗಡಿಗೆ ಒಯ್ದಾಗ ಲ್ಯಾಪ್‌ಟಾಪು ಸರಿಯಾಗಿಯೇ ನಡೆಯುತ್ತದೆ. ಕೊನೆಗೆ ‘ಫಾರ್ಮ್ಯಾಟ್ ಮಾಡಿಸಿ’ ಅಥವಾ ‘ಹೊಸ ರೂಟರ್ ಕೊಳ್ಳಿ’ ಎಂಬ ಸಲಹೆ ದೊರೆಯುತ್ತದೆ. ಎಲೆ ಹಳದಿಯಾದ ಕೂಡಲೆ, ಸಾರಜನಕದ ಕೊರತೆಯೋ, ಬೇರು ಕೊಳೆಯೋ, ನೀರು ಬಸಿಯದೆ ನಿಂತದ್ದೋ ಎಂದು ನೋಡದೆ ಔಷಧಿ ಸಿಂಪಡಿಸಿದಂತೆ ಇದು. ಆದುದರಿಂದ ಹಣ ಖರ್ಚು ಮಾಡುವ ಮೊದಲು ಸಂಪರ್ಕ ಎಲ್ಲಿ ಕಡಿಯುತ್ತಿದೆ ಎಂಬುದನ್ನು ನೀವೇ ಪತ್ತೆ ಹಚ್ಚಬೇಕು. ಇದಕ್ಕೆ ಯಾವ ವಿಶೇಷ ಉಪಕರಣವೂ ಬೇಡ.

ಎಲ್ಲಿ ಕಡಿಯುತ್ತಿದೆ?

ಅಂತರ್ಜಾಲ ನಿಮ್ಮ ಲ್ಯಾಪ್‌ಟಾಪಿಗೆ ಎರಡು ಹಂತಗಳಲ್ಲಿ ಬರುತ್ತದೆ. ಹೊರಗಿನಿಂದ ಫೈಬರ್ ತಂತಿಯ ಮೂಲಕ ಅಥವಾ ಸಿಮ್ ಮೂಲಕ ರೂಟರಿನವರೆಗೆ ಒಂದು ಹಂತ, ರೂಟರಿನಿಂದ ಲ್ಯಾಪ್‌ಟಾಪಿಗೆ ರೇಡಿಯೋ ಅಲೆಗಳ ಮೂಲಕ ಇನ್ನೊಂದು. ಹನಿ ನೀರಾವರಿಯಲ್ಲಿ ಕೊನೆಯ ಗಿಡಕ್ಕೆ ನೀರು ಬರದಿದ್ದರೆ ಪಂಪು ನಿಂತಿದೆಯೋ, ಪಾರ್ಶ್ವ ನಳಿಕೆ ಕಟ್ಟಿದೆಯೋ ಎಂದು ಬೇರೆ ಬೇರೆಯಾಗಿ ನೋಡುವಿರಲ್ಲವೇ? ಇಲ್ಲಿಯೂ ಹಾಗೆಯೇ.

ಸಂಪರ್ಕ ಕಡಿದ ಗಳಿಗೆಯಲ್ಲಿಯೇ ಒಂದು ಮೊಬೈಲನ್ನು ಅದೇ ವೈಫೈಗೆ ಜೋಡಿಸಿ ನೋಡಿ. ಮೊಬೈಲಿನ ಸ್ವಂತ ಡೇಟಾವನ್ನು ಮೊದಲು ಬಂದ್ ಮಾಡುವುದನ್ನು ಮರೆಯಬಾರದು. ಇಲ್ಲವಾದರೆ ವೈಫೈ ಸತ್ತಿದ್ದರೂ ಮೊಬೈಲು ಸಿಮ್ ಮೂಲಕ ನಡೆದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಮೊಬೈಲೂ ನಡೆಯದಿದ್ದರೆ ದೋಷ ರೂಟರಿನಲ್ಲಿ ಅಥವಾ ಹೊರಗಿನ ತಂತಿಯಲ್ಲಿದೆ. ಮೊಬೈಲು ನಡೆದು ಲ್ಯಾಪ್‌ಟಾಪ್ ಮಾತ್ರ ನಿಂತರೆ ದೋಷ ಲ್ಯಾಪ್‌ಟಾಪಿನಲ್ಲಿ ಅಥವಾ ಅದನ್ನು ಇಟ್ಟಿರುವ ಜಾಗದಲ್ಲಿದೆ. ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಓಎಸ್’ ಎಂದು ಬರೆದ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ತಂತಿಯಲ್ಲಿ ಬೆಳಕು ಬರುತ್ತಿಲ್ಲ ಎಂದೇ ಅರ್ಥ. ಆಗ ಲ್ಯಾಪ್‌ಟಾಪಿನಲ್ಲಿ ಎಷ್ಟು ತಡಕಾಡಿದರೂ ಪ್ರಯೋಜನವಿಲ್ಲ.

ಇನ್ನೂ ಖಚಿತವಾದ ಪರೀಕ್ಷೆಯೊಂದಿದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ‘ಕಮಾಂಡ್ ಪ್ರಾಂಪ್ಟ್’ ಎಂಬ ಕಪ್ಪು ಕಿಟಕಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಐಪಿಕಾನ್ಫಿಗ್ ಎಂದು ಬಿಡುವಿಲ್ಲದೆ ಬರೆದು ಎಂಟರ್ ಒತ್ತಿ. ‘ಡಿಫಾಲ್ಟ್ ಗೇಟ್‌ವೇ’ ಎಂಬುದರ ಎದುರಿಗೆ ಬರುವ ಸಂಖ್ಯೆಯೇ ನಿಮ್ಮ ರೂಟರಿನ ವಿಳಾಸ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಎಂದಿರುತ್ತದೆ. ನಂತರ ಪಿಂಗ್ ಎಂದು ಬರೆದು, ಬಿಡುವು ಕೊಟ್ಟು ಆ ಸಂಖ್ಯೆಯನ್ನು, ಮತ್ತೆ ಬಿಡುವು ಕೊಟ್ಟು ಅಡ್ಡಗೆರೆ ಮತ್ತು ಟಿ ಅಕ್ಷರವನ್ನು ಬರೆಯಿರಿ. ಲ್ಯಾಪ್‌ಟಾಪು ಸೆಕೆಂಡಿಗೊಮ್ಮೆ ರೂಟರನ್ನು ಕರೆದು ಉತ್ತರವನ್ನು ಒಂದೊಂದು ಸಾಲಾಗಿ ತೋರಿಸುತ್ತಾ ಹೋಗುತ್ತದೆ. ಇನ್ನೊಂದು ಕಪ್ಪು ಕಿಟಕಿಯಲ್ಲಿ ಇದೇ ರೀತಿ 8.8.8.8 ಎಂಬ ಹೊರಗಿನ ವಿಳಾಸವನ್ನು ಕರೆಯಿರಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನಿಮ್ಮ ಕೆಲಸ ಮುಂದುವರಿಸಿ. ಕಡಿದಾಗ ಎರಡರಲ್ಲಿಯೂ ಉತ್ತರ ನಿಂತರೆ ದೋಷ ಮನೆಯೊಳಗಿನದು. ಮೊದಲನೆಯದು ನಡೆಯುತ್ತಿದ್ದು ಎರಡನೆಯದು ಮಾತ್ರ ನಿಂತರೆ ಹೊರಗಿನದು. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು.

ಎರಡು ಮೂರು ದಿನ ಕಡಿದ ವೇಳೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆಗ ಕರೆಂಟು ಹೋಗಿ ಬಂದಿತ್ತೇ, ಲ್ಯಾಪ್‌ಟಾಪು ಚಾರ್ಜರಿನಲ್ಲಿತ್ತೇ ಬ್ಯಾಟರಿಯಲ್ಲಿತ್ತೇ, ಯಾವ ಕೋಣೆಯಲ್ಲಿತ್ತು ಎಂಬುದನ್ನೂ ಸೇರಿಸಿ. ಮಳೆ ಲೆಕ್ಕ ಇಡುವ ರೈತರಿಗೆ ಇದು ಹೊಸ ಅಭ್ಯಾಸವೇನಲ್ಲ.

ಕರೆಂಟು ಮತ್ತು ರೂಟರಿನ ಜಾಗ

ಹಳ್ಳಿಗಳಲ್ಲಿ ಈ ತೊಂದರೆಗೆ ಕರೆಂಟು ಕಾರಣವಾಗಿರುವುದು ಜನ ಎಣಿಸುವುದಕ್ಕಿಂತ ಹೆಚ್ಚು. ವೋಲ್ಟೇಜು ತೀರ ಕುಸಿದರೆ ಅಥವಾ ಕರೆಂಟು ಕಣ್ಣು ಮಿಟುಕಿಸುವಷ್ಟು ಹೊತ್ತು ಹೋದರೂ ರೂಟರು ಆರಿ ಹೊತ್ತಿಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ, ನಿಮಗೆ ಕಾಣುವುದು ವೈಫೈ ಕಡಿದದ್ದು ಮಾತ್ರ. ರೂಟರು ಮತ್ತೆ ಸಿದ್ಧವಾಗಲು ಕೆಲವು ನಿಮಿಷಗಳೇ ಬೇಕು. ಇದಕ್ಕೆ ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಒಳ್ಳೆಯ ಪರಿಹಾರ. ಕೊಳ್ಳುವಾಗ ರೂಟರಿನ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಿ. 9 ವೋಲ್ಟಿನ ರೂಟರಿಗೆ 12 ವೋಲ್ಟ್ ಕೊಟ್ಟರೆ ಸುಟ್ಟುಹೋದೀತು. ಫೈಬರ್ ಪೆಟ್ಟಿಗೆ ಬೇರೆಯಾಗಿದ್ದರೆ ಅದಕ್ಕೂ ಯುಪಿಎಸ್ ಬೇಕು.

ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ, ನೆಲದ ಮೇಲೆ, ಕಾಯ್ದ ತಗಡಿನ ಛಾವಣಿಗೆ ಅಂಟಿಸಿದಂತೆ ಇಡಬಾರದು. ಲೋಹ ರೇಡಿಯೋ ಅಲೆಯನ್ನು ತಡೆಯುತ್ತದೆ, ನೀರು ಹೀರಿಕೊಳ್ಳುತ್ತದೆ. ನಡುವೆ ನೀರಿನ ತೊಟ್ಟಿ, ದಪ್ಪ ಮಣ್ಣಿನ ಗೋಡೆ ಅಥವಾ ಕಬ್ಬಿಣ ಹಾಕಿದ ಕಾಂಕ್ರೀಟ್ ತಾರಸಿ ಇದ್ದರೆ ಅಲೆ ಸೊರಗುತ್ತದೆ. ಮನೆಯ ನಡುಭಾಗದಲ್ಲಿ ಎದೆಯ ಎತ್ತರದಲ್ಲಿ, ಗಾಳಿಯಾಡುವ ಕಡೆ ಇಡುವುದು ಉತ್ತಮ.

ಇಂದಿನ ರೂಟರುಗಳು ಬಹುಮಟ್ಟಿಗೆ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಅಲೆ ಬಿಡುತ್ತವೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ಎರಡನೆಯದು ವೇಗ ಹೆಚ್ಚು, ದೂರ ಕಡಿಮೆ. ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ದೂರದ ಕೋಣೆಯಲ್ಲಿರುವ ಲ್ಯಾಪ್‌ಟಾಪು ಒಮ್ಮೆ ಇದಕ್ಕೆ ಒಮ್ಮೆ ಅದಕ್ಕೆ ಹಾರುತ್ತಾ ಪ್ರತಿ ಹಾರಿಕೆಯಲ್ಲಿಯೂ ಕ್ಷಣಕಾಲ ಕಡಿಯಬಹುದು. ರೂಟರಿನ ಸೆಟ್ಟಿಂಗಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ದೂರದ ಕೋಣೆಗೆ 2.4 ಅನ್ನೇ ಬಳಸಿ. ಅಕ್ಕಪಕ್ಕದ ಮನೆಗಳಲ್ಲಿಯೂ ರೂಟರುಗಳಿದ್ದರೆ 2.4ರಲ್ಲಿ ಒಂದರ ಮೇಲೊಂದು ಬೀಳದ 1, 6, 11 ಎಂಬ ಚಾನೆಲುಗಳಲ್ಲಿ ಖಾಲಿ ಇರುವುದನ್ನು ಆರಿಸಿಕೊಳ್ಳಬೇಕು.

ಲ್ಯಾಪ್‌ಟಾಪಿನ ದೋಷಗಳು

ಲ್ಯಾಪ್‌ಟಾಪು ಮಾತ್ರ ಕಡಿಯುತ್ತಿದೆ ಎಂದು ಖಚಿತವಾದರೆ ಮೊದಲು ಶಂಕಿಸಬೇಕಾದುದು ವಿದ್ಯುತ್ ಉಳಿತಾಯದ ಏರ್ಪಾಡನ್ನು. ಬ್ಯಾಟರಿ ಉಳಿಸಲೆಂದು ಯಂತ್ರವು ವೈಫೈ ಭಾಗವನ್ನು ಆಗಾಗ ಮಲಗಿಸುತ್ತದೆ, ಅದು ಕೆಲವೊಮ್ಮೆ ಸಕಾಲಕ್ಕೆ ಏಳುವುದಿಲ್ಲ. ಚಾರ್ಜರ್ ಹಾಕಿದಾಗ ಸರಿಯಾಗಿದ್ದು ಬ್ಯಾಟರಿಯಲ್ಲಿ ಮಾತ್ರ ಕಡಿಯುವುದು ಇದರ ಲಕ್ಷಣ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಕೆಳಗೆ ವೈಫೈ ಅಥವಾ ವೈರ್‌ಲೆಸ್ ಎಂದಿರುವ ಹೆಸರನ್ನು ಎರಡು ಬಾರಿ ಒತ್ತಿ, ‘ಪವರ್ ಮ್ಯಾನೇಜ್‌ಮೆಂಟ್’ ಹಾಳೆಯಲ್ಲಿ, ವಿದ್ಯುತ್ ಉಳಿಸಲು ಈ ಭಾಗವನ್ನು ಆರಿಸಬಹುದು ಎಂಬ ಅರ್ಥದ ಸಾಲಿನ ಟಿಕ್ ಗುರುತು ತೆಗೆಯಿರಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಈ ಹಾಳೆಯೇ ಇರುವುದಿಲ್ಲ, ಅದಕ್ಕಾಗಿ ಗಾಬರಿ ಬೇಡ. ಅಂಥವುಗಳಲ್ಲಿ ಬ್ಯಾಟರಿ ಸೇವರ್ ಬಂದ್ ಮಾಡಿ, ಚಾರ್ಜರ್ ಹಾಕಿಕೊಂಡೇ ಮುಖ್ಯ ಕೆಲಸ ಮಾಡಿ ನೋಡಿ.

ವಿಂಡೋಸ್ ಹೊಸದಾಗಿ ಅಪ್‌ಡೇಟ್ ಆದ ಮೇಲೆ ತೊಂದರೆ ಪ್ರಾರಂಭವಾಗಿದ್ದರೆ ಅದೇ ಕಿಟಕಿಯ ‘ಡ್ರೈವರ್’ ಹಾಳೆಯಲ್ಲಿ ‘ರೋಲ್ ಬ್ಯಾಕ್’ ಒತ್ತಿ ಹಳೆಯ ಡ್ರೈವರಿಗೆ ಮರಳಬಹುದು. ಹೊಸ ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಜಾಲತಾಣದಿಂದ ಮಾದರಿ ಸಂಖ್ಯೆ ನೋಡಿ ತೆಗೆದುಕೊಳ್ಳಿ. ಡ್ರೈವರ್ ಸರಿಪಡಿಸುತ್ತೇವೆಂದು ಜಾಹೀರಾತು ಕೊಡುವ ತಂತ್ರಾಂಶಗಳ ಸಹವಾಸ ಬೇಡ.

ನೀಲಿ ನಾಲಿಗೆಯ ಯುಎಸ್‌ಬಿ 3 ಕಿಂಡಿಗೆ ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವ್ ಸಿಕ್ಕಿಸಿದಾಗ ಮಾತ್ರ ವೈಫೈ ಕಡಿಯುವುದೂ ಉಂಟು. ಅದರಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ ಬೀಳುತ್ತದೆ. ಇನ್ನೊಂದು ಬದಿಯ ಕಿಂಡಿಗೆ ಬದಲಾಯಿಸಿ, ಇಲ್ಲವೆ 5ಕ್ಕೆ ಸೇರಿಕೊಳ್ಳಿ. ಮುಚ್ಚಳ ಅಲುಗಾಡಿಸಿದಾಗ ಕಡಿದರೆ, ಪರದೆಯೊಳಗಿನ ಆಂಟೆನಾದಿಂದ ತಿರುಗಣಿಯ ಮೂಲಕ ಕೆಳಗೆ ಬರುವ ಸಣ್ಣ ತಂತಿ ಸವೆದಿರುವ ಅಥವಾ ಅದರ ಕೊಂಡಿ ಸಡಿಲವಾಗಿರುವ ಸಂಭವವಿದೆ. ಇದು ಮಾತ್ರ ಅನುಭವಸ್ಥ ರಿಪೇರಿಯವರ ಕೆಲಸ.

ಯಾವುದೂ ಫಲ ಕೊಡದಿದ್ದರೆ ಫಾರ್ಮ್ಯಾಟ್‌ಗೆ ಮೊದಲು ಸೆಟ್ಟಿಂಗ್ಸ್‌ನಲ್ಲಿರುವ ‘ನೆಟ್‌ವರ್ಕ್ ರೀಸೆಟ್’ ಮಾಡಿ. ನಿಮ್ಮ ಕಡತಗಳಿಗೆ ಹಾನಿಯಿಲ್ಲ, ಆದರೆ ನೆನಪಿಟ್ಟ ವೈಫೈ ಗುಪ್ತಪದಗಳೆಲ್ಲ ಅಳಿಸಿಹೋಗುವುದರಿಂದ ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು.

ದೋಷ ಸಿಗುವವರೆಗೆ ತುರ್ತು ಅರ್ಜಿಗಳಿಗೆ ಲ್ಯಾಪ್‌ಟಾಪನ್ನು ಲ್ಯಾನ್ ತಂತಿಯಿಂದ ನೇರ ರೂಟರಿಗೆ ಜೋಡಿಸುವುದು ಅಥವಾ ಮೊಬೈಲಿನ ಹಾಟ್‌ಸ್ಪಾಟ್ ಬಳಸುವುದು ಕ್ಷೇಮ. ವಿಮಾ ಕಂತು ಪಾವತಿಯ ನಡುವೆ ಸಂಪರ್ಕ ಕಡಿದರೆ ಕೂಡಲೆ ಎರಡನೆಯ ಬಾರಿ ಹಣ ಕಟ್ಟಬೇಡಿ. ಖಾತೆಯಿಂದ ಹಣ ಹೋಗಿದೆಯೇ, ಅರ್ಜಿಗೆ ಸಂಖ್ಯೆ ಬಂದಿದೆಯೇ ಎಂದು ನೋಡಿದ ಮೇಲೆ ಮುಂದುವರಿಯಿರಿ.

ದೋಷ ಹೊರಗಿನ ತಂತಿಯದೆಂದು ಕಂಡುಬಂದರೆ ಸೇವೆ ಕೊಡುವವರಿಗೆ ದೂರು ಕೊಡುವಾಗ ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ಪುಸ್ತಕದಲ್ಲಿ ಬರೆದ ದಿನಾಂಕ, ವೇಳೆ, ಕೆಂಪು ದೀಪ ಹೊತ್ತಿತ್ತೋ ಇಲ್ಲವೋ, ರೂಟರ್ ಉತ್ತರ ಕೊಡುತ್ತಿದ್ದಾಗಲೇ 8.8.8.8 ನಿಂತ ವಿವರ ತಿಳಿಸಿ, ದೂರಿನ ಸಂಖ್ಯೆಯನ್ನು ಅದೇ ಪುಟದಲ್ಲಿ ಬರೆದುಕೊಳ್ಳಿ.