ಹಲ್ಲಿನ ಬುಡ ಸಡಿಲಿಸುವುದು ನಮ್ಮದೇ ಕಣಗಳು

ಒಸಡಿನ ಕಾಯಿಲೆಗೆ ಚಿಕಿತ್ಸೆ ಕೊಡುವುದು ನನ್ನ ವೃತ್ತಿ. ‘ದಿನಾ ಎರಡು ಹೊತ್ತು ಹಲ್ಲುಜ್ಜುತ್ತೀನಿ ಡಾಕ್ಟ್ರೇ, ಆದ್ರೂ ಯಾಕೆ ಅಲ್ಲಾಡುತ್ತೆ?’ ಎಂದು ಕೇಳುವವರು ಒಂದು ಕಡೆ. ಹಲ್ಲಿನ ಬುಡಕ್ಕೆಲ್ಲ ಗಾರೆ ಕಟ್ಟಿದ್ದರೂ ಕಬ್ಬು ಸಿಗಿದು ತಿನ್ನುವ ಹಿರಿಯರು ಇನ್ನೊಂದು ಕಡೆ. ಇಬ್ಬರ ಎಕ್ಸ್‌ರೇ ಪಕ್ಕಪಕ್ಕ ಹಿಡಿದರೆ ಕೊಳೆಯ ಲೆಕ್ಕಕ್ಕೂ ಮೂಳೆಯ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಕಾಲೇಜಿನಲ್ಲಿ ಓದಿದ್ದ ಒಂದು ಅಧ್ಯಯನ ನನ್ನ ಮನಸ್ಸಿಗೆ ಇಳಿದದ್ದು ಇಂಥವರನ್ನು ನೋಡುತ್ತ ಹೋದ ಮೇಲೆಯೇ.

ಹರಾಲ್ಡ್ ಲೋ ಮತ್ತು ಸಂಗಡಿಗರು 1970ರಿಂದ 1985ರವರೆಗೆ ಶ್ರೀಲಂಕಾದ ಚಹಾ ತೋಟಗಳ 480 ಕಾರ್ಮಿಕರನ್ನು ಗಮನಿಸಿದರು. ಅವರಿಗೆ ಹಲ್ಲುಜ್ಜುವ ರೂಢಿ ಇರಲಿಲ್ಲ. ಎಲ್ಲರ ಬಾಯಲ್ಲೂ ಪಾಚಿ, ಗಾರೆ, ಊದಿದ ಒಸಡು. ಆದರೂ ಸುಮಾರು 8% ಜನರಲ್ಲಿ ಹಲ್ಲಿನ ಆಧಾರ ಬಹು ಬೇಗ ಕಳಚಿತು, 81% ಜನರಲ್ಲಿ ಮಧ್ಯಮ ವೇಗದಲ್ಲಿ. ಉಳಿದ 11% ಜನರಲ್ಲಿ ರೋಗ ಒಸಡಿನ ಊತವನ್ನು ದಾಟಲೇ ಇಲ್ಲ. ಕೊಳೆಯೊಂದೇ ಕಾರಣವಾಗಿದ್ದರೆ ಇಷ್ಟು ಅಂತರ ಬರುತ್ತಿರಲಿಲ್ಲ.

ಒಸಡಿನ ಅಂಚಿನಲ್ಲಿ ಬ್ಯಾಕ್ಟೀರಿಯಾದ ಪದರ ಕೂತೊಡನೆ ರಕ್ತದಿಂದ ಮೊದಲು ಧಾವಿಸುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ಅದು ಬ್ಯಾಕ್ಟೀರಿಯಾಗಳನ್ನು ನುಂಗುತ್ತದೆ, ಕಿಣ್ವಗಳನ್ನು ಸುರಿಯುತ್ತದೆ. ಆ ಕಿಣ್ವಗಳಿಗೆ ವೈರಿ ಯಾರು, ನಮ್ಮ ಅಂಗಾಂಶ ಯಾವುದು ಎಂಬ ಭೇದವಿಲ್ಲ. ಪದರ ಹಾಗೆಯೇ ಉಳಿದರೆ ಟಿ ಮತ್ತು ಬಿ ಎಂಬ ಬೇರೆ ಬಿಳಿ ರಕ್ತಕಣಗಳು ಬಂದು ಬೀಡುಬಿಡುತ್ತವೆ. ಅವು ಹೊರಡಿಸುವ ‘ರ‍್ಯಾಂಕ್‌ಎಲ್’ ಎಂಬ ಪ್ರೋಟೀನು, ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕಣಗಳನ್ನು ಬೆಳೆಸಿ ಚುರುಕುಗೊಳಿಸುತ್ತದೆ. ಇವು ಆಮ್ಲ ಸುರಿದು ಮೂಳೆಯ ಖನಿಜವನ್ನು ಕರಗಿಸುತ್ತವೆ. ಆರೋಗ್ಯವಾಗಿರುವ ಒಸಡಿನಲ್ಲಿ ಆಸ್ಟಿಯೋಪ್ರೊಟೆಜೆರಿನ್ ಎಂಬ ಇನ್ನೊಂದು ಪ್ರೋಟೀನು ರ‍್ಯಾಂಕ್‌ಎಲ್‌ಗೆ ಕಡಿವಾಣ ಹಾಕಿರುತ್ತದೆ. ಉರಿಯೂತ ಹಳತಾದಂತೆ ಆ ಸಮತೋಲ ತಪ್ಪುತ್ತದೆ. ಕಳ್ಳನನ್ನು ಹಿಡಿಯಬಂದವರು ಮನೆಯ ಗೋಡೆಯನ್ನೇ ಕೆಡವಿದ ಹಾಗೆ.

ಇದನ್ನು ಹೇಳಿದಾಗ ಅನೇಕರು ‘ಇಮ್ಯುನಿಟಿ ಹೆಚ್ಚೋ ಕಷಾಯ ಕುಡೀಲಾ?’ ಎನ್ನುತ್ತಾರೆ. ಬಹುಪಾಲು ರೋಗಿಗಳಲ್ಲಿ ಕೊರತೆಯಿರುವುದು ಶಕ್ತಿಗಲ್ಲ, ಹತೋಟಿಗೆ. ಹಾಗಂತ ಆ ಕಣಗಳನ್ನು ಅಡಗಿಸಿಬಿಡುವುದೂ ಪರಿಹಾರವಲ್ಲ. ಅಪರೂಪದ ಒಂದು ಆನುವಂಶಿಕ ಕಾಯಿಲೆಯಲ್ಲಿ ನ್ಯೂಟ್ರೋಫಿಲ್‌ಗಳು ರಕ್ತನಾಳ ದಾಟಿ ಒಸಡಿಗೆ ಬರಲಾರವು. ಆ ಮಕ್ಕಳು ಎಳವೆಯಲ್ಲೇ ಹಲ್ಲು ಕಳೆದುಕೊಳ್ಳುತ್ತಾರೆ.

ಈ ತಿಳಿವು ನಾನು ಕೇಳುವ ಪ್ರಶ್ನೆಗಳನ್ನೇ ಬದಲಿಸಿದೆ. ಹೇಗೆ ಉಜ್ಜುತ್ತೀರಿ ಎಂಬುದರ ಜೊತೆಗೆ ಮೂರು ತಿಂಗಳ ಸರಾಸರಿ ಸಕ್ಕರೆ ಎಷ್ಟಿದೆ ಎಂದೂ ಕೇಳುತ್ತೇನೆ. ಒಂದೇ ಬಗೆಯ ಡೀಪ್ ಕ್ಲೀನಿಂಗ್ ಮಾಡಿದರೂ, ಸಕ್ಕರೆ ಹತೋಟಿಯಲ್ಲಿಲ್ಲದವರ ಒಸಡು ಹಿಡಿತಕ್ಕೆ ಬರುವುದು ತಡವಾಗುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತ ಒಸರುವುದೇ ಕಡಿಮೆ. ಎಚ್ಚರಿಕೆಯ ಗಂಟೆಯೇ ಮೊಳಗದೆ ಒಳಗೊಳಗೇ ಮೂಳೆ ಹೋಗಿರುತ್ತದೆ. ಮೆಡಿಕಲ್ ಶಾಪಿನಿಂದ ತಂದು ನುಂಗಿದ ಆ್ಯಂಟಿಬಯೋಟಿಕ್ ಗಟ್ಟಿ ಪದರದೊಳಕ್ಕೆ ಸರಿಯಾಗಿ ಇಳಿಯದು. ಅದನ್ನು ಕೆರೆದೇ ತೆಗೆಯಬೇಕು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ನಮ್ಮ ಜನರಲ್ಲಿ ಬಲವಾಗಿದೆ. ಮೂಳೆ ಕರಗಿದ್ದು ಮೊದಲೇ. ಗಾರೆ ಹೋಗಿ ಊತ ಇಳಿದಾಗ ಸಂದು ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಉಜ್ಜುವಾಗ ರಕ್ತ ಕಂಡರೆ ನೋವಿಲ್ಲವೆಂದು ಸುಮ್ಮನಿರಬೇಡಿ. ದಂತವೈದ್ಯರ ಹತ್ತಿರ ಹೋದಾಗ ಹಲ್ಲು ಮತ್ತು ಒಸಡಿನ ನಡುವಿನ ಸಂದಿನ ಆಳ ಅಳೆಯಲು ನೀವೇ ಕೇಳಿ. 3 ಮಿಲಿಮೀಟರಿನವರೆಗೆ ಚಿಂತೆಯಿಲ್ಲ. 4 ದಾಟಿದರೆ ಚಿಕಿತ್ಸೆ ಬೇಕಾದೀತು. ಆಮೇಲೆ ಕರೆದಾಗಲೆಲ್ಲ ತಪ್ಪದೆ ಮರುಪರೀಕ್ಷೆಗೆ ಬನ್ನಿ. ಕರಗಿದ ಮೂಳೆ ಬಹುಮಟ್ಟಿಗೆ ಮರಳುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಲು ಮಾತ್ರ ಸಾಧ್ಯವಿದೆ.