ತೋಟದ ಕೆರೆಯ ನೀರು ತಿಳಿಯಾಗುವ ಬಗೆ

ಸುಳ್ಯ ತಾಲೂಕಿನ ಆಲೆಟ್ಟಿ ಗ್ರಾಮದ ಅಡಕೆ ತೋಟಗಳಲ್ಲಿ ಕೆರೆಯೆಂಬುದು ಕೇವಲ ಶೋಭೆಗಾಗಿ ತೋಡಿದ ಕೊಳವಲ್ಲ. ಪಯಸ್ವಿನಿ ನದಿಯ ಈ ಸೀಮೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆಯಾದರೂ ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಂದು ಹರಿದುಹೋಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ತೋಟಕ್ಕೂ ದನಕರುಗಳಿಗೂ, ಕೆಲವೆಡೆ ಮನೆಬಳಕೆಗೂ ಕೆರೆಯ ನೀರೇ ಆಧಾರ. ಆ ಹೊತ್ತಿಗೆ ನೀರು ಹಸುರುಗಟ್ಟಿ ನಾರತೊಡಗಿದರೆ, ತುಂತುರು ನೀರಾವರಿಯ ರಂಧ್ರಗಳು ಪಾಚಿಯಿಂದ ಮುಚ್ಚಿಹೋದರೆ, ಕೃಷಿಕನು ಮೊದಲು ಹುಡುಕುವುದು ಸುರಿಯಬಹುದಾದ ಔಷಧವನ್ನು. ಆದರೆ ಹುಡುಕಬೇಕಾದುದು ಕೆರೆಗೆ ಬಂದು ಸೇರುತ್ತಿರುವ ವಸ್ತು ಯಾವುದೆಂಬುದನ್ನು.

ನೀರಿನ ಕದಡು ಎರಡು ಬಗೆಯದು. ಗಾಜಿನ ಸೀಸೆಯೊಂದರಲ್ಲಿ ಕೆರೆಯ ನೀರನ್ನು ತುಂಬಿ, ಅಲುಗಾಡಿಸದೆ ಒಂದು ರಾತ್ರಿ ಇಟ್ಟರೆ ಅದರ ಸ್ವರೂಪ ತಿಳಿಯುತ್ತದೆ. ತಳದಲ್ಲಿ ಕೆಮ್ಮಣ್ಣು ಕುಳಿತು ಮೇಲೆ ತಿಳಿ ನಿಂತರೆ ಅದು ಮಣ್ಣಿನ ಕದಡು. ಹಸುರು ಹಾಗೆಯೇ ಉಳಿದರೆ ಅದು ಸೂಕ್ಷ್ಮ ಪಾಚಿ. ಶಾಲೆಯ ಮಕ್ಕಳೂ ಮಾಡಬಹುದಾದ ಈ ಪರೀಕ್ಷೆಯನ್ನು ಮಾಡದೆ ಔಷಧ ಹಾಕುವುದು ನಾಡಿ ಹಿಡಿಯದೆ ಮದ್ದು ಕೊಟ್ಟಂತೆ.

ಮಣ್ಣಿನ ಕದಡಿಗೆ ಮುರಕಲ್ಲಿನ ಗುಡ್ಡಗಳಿಂದ ಇಳಿದು ಬರುವ ಮಳೆನೀರು ಕಾರಣ. ಗುಡ್ಡ ಕಡಿದು ರಸ್ತೆ ಮಾಡಿದ ಮರುವರ್ಷ ಕೆಳಗಿನ ಕೆರೆ ಕೆಂಪಾಗುವುದರಲ್ಲಿ ಆಶ್ಚರ್ಯವಿಲ್ಲ. ಕೆರೆಯ ಸುತ್ತ ಒಡ್ಡು ಹಾಕಿ, ಆ ನೀರನ್ನು ಕಣಿಯೊಂದರಲ್ಲಿ ಬೇರೆಡೆಗೆ ತಿರುಗಿಸಬೇಕು. ತಿರುಗಿಸಲಾಗದಿದ್ದರೆ ಮೊದಲು ಹೂಳುಗುಂಡಿಯಲ್ಲಿ ನಿಲ್ಲಿಸಿ ಬಿಡಬೇಕು. ದಂಡೆಯ ಮೇಲೆ ಲಾವಂಚ ನೆಟ್ಟರೆ ಅದರ ಬೇರು ಮಣ್ಣನ್ನು ಹಿಡಿಯುತ್ತದೆ. ಅತಿ ಸೂಕ್ಷ್ಮವಾದ ಜೇಡಿಕಣಗಳು ಋಣ ವಿದ್ಯುದಂಶದಿಂದ ಒಂದನ್ನೊಂದು ದೂಡುತ್ತ ತೇಲುತ್ತಲೇ ಇರುತ್ತವೆ. ಪಟಿಕವು ಆ ವಿದ್ಯುದಂಶವನ್ನು ಕಳೆದು ಅವನ್ನು ಕೂಡಿಸಿ ಮುಳುಗಿಸುತ್ತದೆ. ಚಿಲ್ಲದ ಬೀಜವನ್ನು ತೇಯ್ದು ಹಾಕುವುದೂ ಇದೇ ಉದ್ದೇಶಕ್ಕೆ. ಕತಕವೆಂಬ ಹೆಸರಿನಿಂದ ಮನುಸ್ಮೃತಿಯಲ್ಲಿಯೂ ಅದರ ಪ್ರಸ್ತಾಪವುಂಟು. ಆದರೆ ಇವು ಕೊಡದ ನೀರಿಗೆ ಸಲ್ಲುವ ಉಪಾಯಗಳು. ಮುರಕಲ್ಲಿನ ಸೀಮೆಯ ಮೃದುಜಲಕ್ಕೆ ಪಟಿಕವನ್ನು ಹೆಚ್ಚಾಗಿ ಸುರಿದರೆ ನೀರು ಹುಳಿಯಾಗಿ ಮೀನು ಸಾಯುತ್ತದೆ.

ಹಸುರು ಕದಡಿನ ವಿಚಾರ ಇನ್ನೂ ಗಂಭೀರ. ಕೊಟ್ಟಿಗೆಯ ಗಂಜಲ, ಬಟ್ಟೆ ತೊಳೆದ ಸಾಬೂನು ನೀರು, ತೋಟಕ್ಕೆ ಹಾಕಿದ ರಸಗೊಬ್ಬರ, ನೀರಿನಲ್ಲಿ ಕೊಳೆಯುವ ಸೋಗೆ ಮತ್ತು ತರಗೆಲೆ, ಇವೆಲ್ಲವೂ ಪಾಚಿಗೆ ಆಹಾರ. ಒಂದು ಗ್ರಾಂ ರಂಜಕವಿದ್ದರೆ ಸುಮಾರು ನೂರು ಗ್ರಾಂ ಒಣತೂಕದ ಪಾಚಿ ಬೆಳೆಯಬಲ್ಲುದು. ಇದನ್ನು ಅರಿಯದೆ ಕೆಲವರು ಮೈಲುತುತ್ತದ ಮೊರೆಹೋಗುತ್ತಾರೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸೂಚಿಸಿದ ಮೇಲೆ ಮೈಲುತುತ್ತವು ಅಡಕೆ ಬೆಳೆಗಾರರ ಮನೆಮನೆಯ ವಸ್ತುವಾಯಿತು. ಗೊನೆಗೆ ಅದು ರಕ್ಷೆ, ಕೆರೆಗೆ ವಿಷ. ಅದನ್ನು ಹಾಕಿದೊಡನೆ ಪಾಚಿ ಸಾಯುವುದು ನಿಜ. ಆದರೆ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಪಾಚಿಯನ್ನು ಮೇಯುತ್ತಿದ್ದ, ಸಾಸಿವೆಯಷ್ಟೂ ಇಲ್ಲದ ಜಲಚಿಗಟಗಳೂ ಅಳಿಯುತ್ತವೆ. ರಂಜಕ ಮಾತ್ರ ನೀರಿನಲ್ಲಿಯೇ ಉಳಿದು ಮುಂದಿನ ಪಾಚಿಗೆ ಒದಗುತ್ತದೆ. ಮೃದುಜಲದಲ್ಲಿ ತಾಮ್ರದ ವಿಷ ಇನ್ನಷ್ಟು ತೀವ್ರ. ದ್ರಾವಣ ತಯಾರಿಸಿದ ಪೀಪಾಯಿಯನ್ನು ಕೆರೆಯಲ್ಲಿ ತೊಳೆಯುವುದೂ ಸಲ್ಲದು.

ನೆರಳು ಪಾಚಿಯನ್ನು ತಡೆಯುತ್ತದೆ. ನೈದಿಲೆ, ತಾವರೆಗಳು ಕೆರೆಯ ಅರ್ಧದಷ್ಟನ್ನು ಆವರಿಸಿದರೆ ಒಳಿತು. ಪೂರ್ತಿ ಮುಚ್ಚಿದರೆ ಕೆಡುಕು. 1955ರಲ್ಲಿ ತಿರುವನಂತಪುರದ ವೇಳಿ ಸರೋವರದಲ್ಲಿ ಕಾಣಿಸಿಕೊಂಡ ಸಾಲ್ವೀನಿಯಾ ಎಂಬ ತೇಲುಕಳೆ ಬೆಂಗಳೂರಿನ ನೈದಿಲೆ ಕೊಳವೊಂದನ್ನೂ ಹೀಗೆಯೇ ಮುಚ್ಚಿತ್ತು. 1983-84ರಲ್ಲಿ ವಿಜ್ಞಾನಿಗಳು ಅಲ್ಲಿ ಆ ಕಳೆಯನ್ನೇ ತಿನ್ನುವ ವಿದೇಶೀ ಮೂತಿಹುಳುವನ್ನು ಬಿಟ್ಟರು. ಹನ್ನೊಂದು ತಿಂಗಳೊಳಗೆ ಕಳೆ ಕುಸಿದು ನೈದಿಲೆ ಮತ್ತೆ ಚಿಗುರಿತು. ಎಲ್ಲ ಜೀವಿಗಳೂ ಇಷ್ಟು ಉಪಕಾರಿಗಳಲ್ಲ. ಸಾಮಾನ್ಯ ಗೆಂಡೆಮೀನು ತಳದ ಕೆಸರನ್ನು ಕೆದಕಿ ನೀರನ್ನು ಕದಡುತ್ತದೆ. ಸೊಳ್ಳೆಗಾಗಿ ಬಿಡುವ ಗಂಬೂಸಿಯಾ ಮೀನು ಜಲಚಿಗಟಗಳನ್ನೂ ತಿಂದು ಹಸುರನ್ನು ಹೆಚ್ಚಿಸುತ್ತದೆ. ಸಣ್ಣ ಕೆರೆಯಲ್ಲಾದರೆ ಕಳೆಯನ್ನು ಕೈಯಿಂದ ತೆಗೆದು ಗೊಬ್ಬರದ ಗುಂಡಿಗೆ ಹಾಕುವುದೇ ಮೇಲು. ಆಗ ಅದು ಹೀರಿದ ರಂಜಕವೂ ಕೆರೆಯಿಂದಾಚೆ ಹೋಗುತ್ತದೆ.

ನೀರಿನ ತಿಳಿಯನ್ನು ಅಳೆಯಲು 1865ರಲ್ಲಿ ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೋ ಸೆಕ್ಕಿ ಬಿಳಿಯ ತಟ್ಟೆಯೊಂದನ್ನು ಸಮುದ್ರಕ್ಕೆ ಇಳಿಬಿಟ್ಟು ನೋಡಿದನು. ಇಂದು 20 ಸೆಂಟಿಮೀಟರ್ ಅಗಲದ, ಕಪ್ಪುಬಿಳುಪು ಬಣ್ಣದ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಅದು ಮರೆಯಾಗುವ ಆಳವನ್ನು ಗುರುತಿಸುತ್ತಾರೆ. ಶಾಲೆಯ ಕೈತೋಟದಲ್ಲಿ ಕೊಳವಿರುವ ಕಡೆ ವಾರಕ್ಕೊಮ್ಮೆ ಇದನ್ನು ಬರೆದಿಟ್ಟರೆ, ಯಾವ ತಿಂಗಳಲ್ಲಿ ಏನು ಬಂದು ಸೇರಿತೆಂಬುದು ಮಕ್ಕಳಿಗೇ ಗೋಚರವಾಗುತ್ತದೆ. ಕೆಸರೆತ್ತಲು ಏಪ್ರಿಲ್, ಮೇ ತಿಂಗಳು ತಕ್ಕ ಕಾಲ. ನೀರು ತಳಕ್ಕಿಳಿದಿರುತ್ತದೆ, ಎತ್ತಿದ ಕೆಸರು ಮಳೆಗೆ ಮುಂಚೆ ಒಣಗುತ್ತದೆ, ಅದನ್ನು ಅಡಕೆಯ ಬುಡಕ್ಕೆ ಹಾಕಬಹುದು.